ಚೀಟಿಯಲ್ಲಿ ಮೂರನೆಯ ಹೆಸರು

ಲೊರೆಟ್ಟಾ ಹ್ರುಸ್ಕಾ ಐವತ್ತೆಂಟು ವರ್ಷ ಬಾಳಿದ್ದು ಬ್ರಾಡಿಸ್ ರನ್ ಎಂಬ ಒಂದೇ ಊರಿನಲ್ಲಿ, ಹಾಕಿದ್ದು ಒಂದೇ ಪಕ್ಷಕ್ಕೆ ಮತ. ಅಜ್ಜ ಯಾವ ಪಕ್ಷಕ್ಕೆ ಹಾಕಿದನೋ ಅಪ್ಪನೂ ಅದಕ್ಕೇ ಹಾಕಿದ. ಲೊರೆಟ್ಟಾ ಮದುವೆಯಾದ ಆಲ್ವಿನ್ ಕೂಡ ಅದೇ ಪಕ್ಷದವನು. ಅಲ್ಲದಿದ್ದರೆ ಅಪ್ಪ ಚರ್ಚಿನ ಮೆಟ್ಟಿಲ ಮೇಲೇ ಮದುವೆ ನಿಲ್ಲಿಸುತ್ತಿದ್ದನೆಂದು ಊರಿನವರು ಆಡಿಕೊಳ್ಳುತ್ತಿದ್ದರು. ಎದುರುಮನೆಯ ಬರ್ನಡೀನ್ ಆ ಇನ್ನೊಂದು ಪಕ್ಷದವಳು. ಪೆನ್ಸಿಲ್ವೇನಿಯದ ಈ ಬೆಟ್ಟಸಾಲಿನಲ್ಲಿ ಚುನಾವಣೆ ಬಂದಾಗಲೆಲ್ಲ ಇಬ್ಬರ ಅಂಗಳದಲ್ಲಿ ಬೇರೆ ಬೇರೆ ಅಭ್ಯರ್ಥಿಗಳ ಹೆಸರಿನ ಫಲಕಗಳು ಎದುರುಬದುರಾಗಿ ನಿಲ್ಲುತ್ತಿದ್ದವು. ಗೆಳತಿಯರು ಮಾತ್ರ ಆ ಫಲಕಗಳ ನಡುವೆ ರಸ್ತೆ ದಾಟಿ, ಒಬ್ಬರ ಮನೆಯ ಸಾರಿನ ಪಾತ್ರೆ ಇನ್ನೊಬ್ಬರ ಮನೆಗೆ ಸಾಗಿಸುತ್ತಲೇ ಇದ್ದರು.

ಲೊರೆಟ್ಟಾಳ ಕೆಲಸ ಆಂಬುಲೆನ್ಸಿನಲ್ಲಿ. ಅಗ್ನಿಶಾಮಕ ಠಾಣೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಆ ಹಳೆಯ ಗಾಡಿಯಲ್ಲಿ ಇಪ್ಪತ್ತೊಂದು ವರ್ಷ ಓಡಾಡಿದವಳು. ಎದೆನೋವು, ಗರಗಸಕ್ಕೆ ಸಿಕ್ಕ ಬೆರಳು, ಹಿಮದಲ್ಲಿ ಜಾರಿದ ಮುದುಕರು, ಎಲ್ಲವನ್ನೂ ನೋಡಿದ್ದಳು. ಹೆರಿಗೆಗಳೆಂದರೆ ಅವಳಿಗೆ ಮೊದಲಿನಿಂದಲೂ ಖುಷಿ. ಹನ್ನೆರಡು ಮೈಲಿ ದೂರದ ಆಸ್ಪತ್ರೆಗೆ ಕಾಲುಗಂಟೆಯಲ್ಲಿ ತಲುಪಿಸಿದರೆ ಮುಗಿಯಿತು, ಮಾರನೆಯ ದಿನ ಮಗುವನ್ನು ನೋಡಲು ಒಂದು ಬಲೂನು ಹಿಡಿದು ಹೋಗುತ್ತಿದ್ದಳು.

ಆ ಆಸ್ಪತ್ರೆಯವರು ಹೆರಿಗೆ ವಾರ್ಡಿಗೆ ಬೀಗ ಹಾಕಿದರು. ಅಲ್ಲಿಂದಾಚೆಗೆ ಹತ್ತಿರದ ಹೆರಿಗೆ ಆಸ್ಪತ್ರೆಯೆಂದರೆ ಬೆಟ್ಟದಾಚೆ, ಐವತ್ತೆಂಟು ಮೈಲಿ.

ಬೀಗ ಬಿದ್ದ ಎರಡನೆಯ ಚಳಿಗಾಲ, ಫೆಬ್ರುವರಿಯ ಒಂದು ಮಧ್ಯಾಹ್ನ ಟೆಸ್ಸಾ ಯೋಡರ್ ಎಂಬ ಇಪ್ಪತ್ತನಾಲ್ಕರ ಹುಡುಗಿಗೆ ನೋವು ಕಾಣಿಸಿಕೊಂಡಿತು. ಹಿಮ ಸುರಿಯುತ್ತಿತ್ತು. ಗಾಡಿ ಬೆಟ್ಟದ ನೆತ್ತಿ ದಾಟುವ ಹೊತ್ತಿಗೆ ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಹೊರಬಂತು. ಅದಾದರೆ ಹೊಟ್ಟೆ ಕೊಯ್ದು ಮಗು ತೆಗೆಯುವ ವೈದ್ಯರು ಬೇಕು, ನಿಮಿಷಗಳ ಲೆಕ್ಕದಲ್ಲಿ ಬೇಕು. ಲೊರೆಟ್ಟಾ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ರಸ್ತೆ ಬದಿಯಲ್ಲಿ ನಿಲ್ಲಿಸಿದ ಗಾಡಿಯಲ್ಲೇ ಮಗು ಹುಟ್ಟಿತು. ಎರಡು ಬೆರಳು ಎದೆಯ ಮೇಲಿಟ್ಟು ಒತ್ತುತ್ತ, ಬಾಯಿಗೆ ಬಾಯಿಟ್ಟು ಊದುತ್ತ, ಉಳಿದ ದಾರಿಯುದ್ದಕ್ಕೂ ಅವಳು ಬಿಡಲಿಲ್ಲ. ಆಸ್ಪತ್ರೆಯವರು ಅವಳ ಕೈ ಹಿಡಿದು, ಸಾಕು ಎಂದು ಬಿಡಿಸಬೇಕಾಯಿತು. ಗಂಡು ಮಗು. ಟೆಸ್ಸಾ ಲೊರೆಟ್ಟಾಳ ಮುಖವನ್ನೇ ನೋಡುತ್ತಿದ್ದಳು.

ಆರು ವಾರ ಕಳೆದು, ಈಸ್ಟರಿಗೆ ಮುಂಚಿನ ಶುಕ್ರವಾರದ ಮೀನೂಟಕ್ಕೆ ಊರೆಲ್ಲ ಅಗ್ನಿಶಾಮಕ ಠಾಣೆಯ ದೊಡ್ಡ ಸಭಾಂಗಣದಲ್ಲಿ ಸೇರಿತ್ತು. ಕರಿದ ಮೀನು, ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಹುರಿದ ನೂಡಲ್ಸು. ರಾಜ್ಯದ ಶಾಸನಸಭೆಗೆ ನಿಂತ ಇಬ್ಬರೂ ಬಂದಿದ್ದರು. ಲೊರೆಟ್ಟಾಳ ಪಕ್ಷದವನು ಹಾಲ್‌ಬ್ರೂಕ್, ಬರ್ನಡೀನಳ ಪಕ್ಷದವನು ಪೆಂಡರ್. ಹೆಸರು ಬೇರೆ, ಕೋಟು ಬೇರೆ. ಊಟವಾದ ಮೇಲೆ ಜನ ಪ್ರಶ್ನೆ ಕೇಳಬಹುದೆಂದಾಗ ಲೊರೆಟ್ಟಾ ಎದ್ದಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಹೆರಿಗೆ ವಾರ್ಡ್ ತೆರೆಸ್ತೀರೋ ಇಲ್ವೋ? ಇಬ್ಬರೂ ಹೇಳಿ."

ಹಾಲ್‌ಬ್ರೂಕ್ ತಲೆ ಬಾಗಿಸಿ, ಅದು ಬಹಳ ಸೂಕ್ಷ್ಮ ವಿಷಯವೆಂದೂ, ಆಸ್ಪತ್ರೆಯವರು, ಸರ್ಕಾರ, ಜನ ಎಲ್ಲರೂ ಒಟ್ಟಿಗೆ ಕೂತು ನಡುವಿನ ದಾರಿ ಹುಡುಕಬೇಕೆಂದೂ ಹೇಳಿದ. ಪೆಂಡರ್ ಎದ್ದು, ಗೆಳೆಯ ಹಾಲ್‌ಬ್ರೂಕ್ ಹೇಳಿದ್ದರಲ್ಲಿ ಸತ್ಯವಿದೆ, ಅತಿಗೆ ಹೋಗಬಾರದು, ನಡುವಿನ ದಾರಿಯೇ ಸರಿ ಎಂದ. ಇಬ್ಬರದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು.

"ಐವತ್ತೆಂಟು ಮೈಲಿ ಇದೆ," ಎಂದಳು ಲೊರೆಟ್ಟಾ. "ನಡುವಿನ ದಾರಿ ಅಂದ್ರೆ ಇಪ್ಪತ್ತೊಂಬತ್ತನೇ ಮೈಲಿ. ಟೆಸ್ಸಾ ಮಗು ಹುಟ್ಟಿದ್ದು ಹೆಚ್ಚುಕಮ್ಮಿ ಅಲ್ಲೇ."

ಸಭೆ ಮುಗಿದ ಮೇಲೆ ಹಾಲ್‌ಬ್ರೂಕ್ ತಾನೇ ಅವಳನ್ನು ಹುಡುಕಿಕೊಂಡು ಕಾಫಿ ಮೇಜಿನ ಬಳಿ ಬಂದ. ಕೆಟ್ಟ ಮನುಷ್ಯನೇನಲ್ಲ. ಕಣ್ಣಲ್ಲಿ ನಿಜವಾದ ಮರುಕವಿತ್ತು.

"ನೋಡೀಮ್ಮ, ನಿಮ್ಮ ಮಾತು ನನಗೆ ಅರ್ಥ ಆಗುತ್ತೆ. ಆದ್ರೆ ಇಲ್ಲಿ ಆ ಕಡೆ ಅರ್ಧ, ಈ ಕಡೆ ಅರ್ಧ. ಮಧ್ಯದಲ್ಲಿ ಐದಾರು ನೂರು ಜನ ಓಲಾಡ್ತಿರ್ತಾರೆ. ಗೆಲ್ಲಿಸೋದು ಅವರು. ತೆರಿಗೆ ಏರುತ್ತೆ ಅಂತ ಅವರು ಬೆಚ್ಚಿಬಿದ್ರೆ ನಾನು ಮುಗಿದೆ."

"ನಮ್ಮ ಗತಿ?"

"ನೀವು ನಮ್ಮೋರು," ಎಂದು ಹಾಲ್‌ಬ್ರೂಕ್ ನಕ್ಕು ಅವಳ ತೋಳು ಮುಟ್ಟಿದ. "ನಮಗೆ ಹಾಕದೆ ಇನ್ಯಾರಿಗೆ ಹಾಕ್ತೀರಿ?"

ಆ ನಗು ಅವಳನ್ನು ಮನೆತನಕ ಹಿಂಬಾಲಿಸಿತು. ಬೈದಿದ್ದರೆ ಮರೆಯುತ್ತಿದ್ದಳೇನೋ. ಅವನು ಹೇಳಿದ್ದು ನಿಜ, ಅದೇ ಅವಳನ್ನು ಕೊರೆಯಿತು. ನಲವತ್ತು ವರ್ಷ ತಪ್ಪದೆ ಮತ ಹಾಕಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟೇ, ಇವಳೆಲ್ಲಿ ಹೋಗುತ್ತಾಳೆ ಎಂಬ ಭರವಸೆ.

ಮೂರು ದಿನ ಬಿಟ್ಟು, ತಿಂಡಿಯ ಹೊತ್ತಿನಲ್ಲಿ ಆಲ್ವಿನ್‌ಗೆ ಹೇಳಿದಳು, "ನಾನೇ ನಿಲ್ತೀನಿ."

ಆಲ್ವಿನ್ ಗಿರಣಿಯಿಂದ ನಿವೃತ್ತನಾದವನು, ಮಾತು ಕಡಿಮೆ. ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟ. "ಯಾವ ಪಕ್ಷದಿಂದ?"

"ಯಾವುದೂ ಇಲ್ಲ."

"ತಲೆಗಿಲೆ ಕೆಟ್ಟಿದೆಯಾ ನಿಂಗೆ? ಗೆಲ್ತೀಯಾ ನೀನು?"

"ಇಲ್ಲ."

"ಮತ್ತೆ? ನೀನು ಎಳ್ಕೊಳ್ಳೋ ಒಂದೊಂದು ವೋಟೂ ಹಾಲ್‌ಬ್ರೂಕ್ ಜೇಬಿಂದ ಹೋಗುತ್ತೆ. ಪೆಂಡರ್‌ಗೆ ನೀನೇ ಚಾಪೆ ಹಾಸಿಕೊಟ್ಟ ಹಾಗೆ."

"ಅವರ ಜೇಬಿನ ವೋಟು ಅಂತ ಯಾರಂದಿದ್ದು? ಟೆಸ್ಸಾ ವೋಟು ಟೆಸ್ಸಾದು."

ಆಲ್ವಿನ್ ಎದ್ದು ಹೋಗಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತ. ಹುಲ್ಲು ಬೆಳೆಯಲು ಇನ್ನೂ ಒಂದು ತಿಂಗಳಿತ್ತು.

ಪಕ್ಷವಿಲ್ಲದವರ ಹೆಸರು ಮತಚೀಟಿಯ ಮೇಲೆ ಬರಬೇಕಾದರೆ ಏಳುನೂರು ಜನರ ಸಹಿ ತರಬೇಕಿತ್ತು. ಲೊರೆಟ್ಟಾ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಬಟ್ಟೆ ಒಗೆಯುವ ಅಂಗಡಿ, ದಿನಸಿ ಅಂಗಡಿ, ಚರ್ಚಿನ ಬಾಗಿಲು ಸುತ್ತಿದಳು. ಕೆಲವರು ಅಪ್ಪಿಕೊಂಡು ಹಾಕಿದರು. ಕೆಲವರು "ನಿನ್ನ ಮೇಲೆ ಪ್ರೀತಿ ಇದೆ ಲೋರೀ, ಆದ್ರೆ ಪೆಂಡರ್ ಮೇಲೆ ಭಯ ಜಾಸ್ತಿ ಇದೆ," ಎಂದು ಲೇಖನಿ ವಾಪಸು ಕೊಟ್ಟರು. ಟೆಸ್ಸಾ ತನ್ನ ಹೆಸರನ್ನು ಅಚ್ಚಿನ ಅಕ್ಷರದಲ್ಲಿ ನಿಧಾನವಾಗಿ ಬರೆದುಕೊಟ್ಟಳು. ಜುಲೈ ನಡುಭಾಗಕ್ಕೆ ನಾನೂರ ಎಂಬತ್ತು ಆಗಿತ್ತು, ಉಳಿದಿದ್ದು ಎರಡೇ ವಾರ.

ಆಗ ಗ್ರೇಡಿ ಸ್ಟ್ರೌಡ್ ಎಂಬ ಮೂವತ್ತರ ಆಸುಪಾಸಿನ ಯುವಕ ಬಾಗಿಲಿಗೆ ಬಂದ. ಪಕ್ಕದ ಜಿಲ್ಲೆಯವನಂತೆ. ಅವನ ತಂಗಿಯೂ ಹೀಗೇ ದಾರಿಯಲ್ಲೇ ಮಗು ಕಳೆದುಕೊಂಡಳಂತೆ. ಪತ್ರಿಕೆಯಲ್ಲಿ ಲೊರೆಟ್ಟಾಳ ವಿಷಯ ಓದಿ ತಡೆಯಲಾಗಲಿಲ್ಲವಂತೆ. ಲೊರೆಟ್ಟಾ ಅವನನ್ನು ಒಳಗೆ ಕರೆದು ಕೂರಿಸಿ, ಊಟ ಹಾಕಿ, ತಂಗಿಯ ಕಥೆ ಕೇಳಿ ಕಣ್ಣು ಒರೆಸಿಕೊಂಡಳು. ಹತ್ತು ದಿನದಲ್ಲಿ ಗ್ರೇಡಿ ಮುನ್ನೂರ ತೊಂಬತ್ತು ಸಹಿ ತಂದುಕೊಟ್ಟ. ಒಂದೊಂದು ಹಾಳೆಯೂ ಮುತ್ತು ಪೋಣಿಸಿದ ಹಾಗಿತ್ತು.

ಹಾಲ್‌ಬ್ರೂಕ್ ಕಡೆಯ ವಕೀಲರು ಅವಳ ಸಹಿಗಳನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಅಲ್ಲಿ ಉದುರಿದ್ದೆಲ್ಲ ಅವಳ ಸ್ವಂತ ಊರಿನವರದು. ಒಬ್ಬ ಅಡ್ಡಹೆಸರು ಬರೆದಿದ್ದ, ಇನ್ನೊಬ್ಬಳು ಬೀದಿಯ ಹೆಸರು ಬಿಟ್ಟಿದ್ದಳು, ಮುದುಕ ವಾಸಿಲ್ಕೋನ ಸಹಿ ದಾಖಲೆಯಲ್ಲಿದ್ದ ಹಳೆಯ ಸಹಿಯನ್ನು ಹೋಲುತ್ತಿರಲಿಲ್ಲ. ಗ್ರೇಡಿಯ ಹಾಳೆಗಳಲ್ಲಿ ಒಂದು ಗೀಟೂ ಬೀಳಲಿಲ್ಲ. ಕೊನೆಗೆ ಏಳುನೂರ ಮೂವತ್ತೊಂದು ಉಳಿದು, ಚೀಟಿಯಲ್ಲಿ ಮೂರನೆಯ ಹೆಸರು ಅಚ್ಚಾಯಿತು.

ಊರಿನ ಗಾಳಿ ಅಂದಿನಿಂದ ಬದಲಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಆಲೂಗಡ್ಡೆ ಹೂರಣದ ಕಡುಬು ಮಡಿಚುವಾಗ ಅವಳ ಪಕ್ಕದ ಸ್ಟೂಲು ಖಾಲಿ ಉಳಿಯತೊಡಗಿತು. "ಏನಮ್ಮ ಶಾಸಕಿ, ಕಡುಬು ಮಡಿಚೋಕೂ ಪುರುಸೊತ್ತು ಇದೆಯಾ?" ಎಂದು ಒಬ್ಬಳು ಅಂದರೆ, "ಪೆಂಡರ್ ಗೆದ್ರೆ ಇವಳ ಮನೆ ಮುಂದೇನೇ ಪಟಾಕಿ ಹೊಡೀತಾರಂತೆ," ಎಂದು ಇನ್ನೊಬ್ಬಳು. ಲೊರೆಟ್ಟಾ ಕೈಗೆ ಹಿಟ್ಟು ಹಚ್ಚಿಕೊಂಡು ಮಡಿಚುತ್ತಲೇ ಇದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಬರ್ನಡೀನ್ ರಸ್ತೆ ದಾಟಿ ಬಂದಳು. ಕೈಯಲ್ಲಿ ಪಾತ್ರೆಯಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಉಂಗುರ ತಿರುಗಿಸುತ್ತಿದ್ದಳು.

"ಲೋರೀ, ನಿನ್ನೆ ನಮ್ಮ ಪಕ್ಷದ ಆಫೀಸಿಗೆ ಹೋಗಿದ್ದೆ, ವೋಟು ಕೇಳಿ ಫೋನ್ ಮಾಡೋ ಕೆಲಸಕ್ಕೆ. ಅಲ್ಲಿ ಆ ಹುಡುಗ ಇದ್ದ. ನಿನ್ನ ಗ್ರೇಡಿ."

"ಅವನ್ಯಾಕೆ ಅಲ್ಲಿ?"

"ಅವನು ಅಲ್ಲಿಯೋನೇ ಕಣೇ. ಪೆಂಡರ್ ಕಡೆಯೋನು. ಎಲ್ಲರೂ ಅವನ ಬೆನ್ನು ತಟ್ತಾ ಇದ್ರು." ಬರ್ನಡೀನ್ ಟಪಾಲಿನಲ್ಲಿ ಬಂದು ಮೇಜಿನ ಮೇಲೆ ಬಿದ್ದಿದ್ದ ಪ್ರಚಾರದ ಕಾಗದವೊಂದನ್ನು ನೋಡಿದಳು. ಲೊರೆಟ್ಟಾಳ ಬಣ್ಣದ ಚಿತ್ರ, ಕೆಳಗೆ 'ನಿಮ್ಮ ನಿಜವಾದ ಗೆಳತಿ'. "ಇದು ನಿಮ್ಮನೆಗೆ ಬಂದಿದೆ. ನಮ್ಮನೆಗೆ ಬರಲಿಲ್ಲ. ಯಾಕೆ ಅಂತ ಯೋಚನೆ ಮಾಡು. ಹಾಲ್‌ಬ್ರೂಕ್‌ಗೆ ಹಾಕೋರ ಮನೆಗಷ್ಟೇ ನಮ್ಮೋರು ಕಳಿಸಿದ್ದಾರೆ."

ಆ ಕಾಗದ ಯಾರು ಅಚ್ಚು ಹಾಕಿಸಿದರೆಂದು ಅದುವರೆಗೆ ಲೊರೆಟ್ಟಾಳಿಗೆ ಗೊತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಎಂದುಕೊಂಡಿದ್ದಳು.

"ನೀನು ಇದನ್ನ ನನಗೆ ಹೇಳಬಾರದಿತ್ತು," ಎಂದಳು. "ನಿಮ್ಮೋರಿಗೆ ಗೊತ್ತಾದ್ರೆ?"

"ನಮ್ಮೋರು ಹಾಳಾಗಿ ಹೋಗ್ಲಿ," ಎಂದು ಬರ್ನಡೀನ್ ಎದ್ದಳು. "ವೋಟು ಮಾತ್ರ ಅವರಿಗೇ ಹಾಕ್ತೀನಿ, ಅದು ಬೇರೆ ಮಾತು."

ಲೊರೆಟ್ಟಾ ಗ್ರೇಡಿಗೆ ಫೋನ್ ಮಾಡಿದಳು. ಅವನು ಸುಳ್ಳು ಹೇಳಲು ಹೋಗಲಿಲ್ಲ.

"ಸಹಿ ಎಲ್ಲ ನಿಜವೇ ಮೇಡಂ. ಜನ ಮನಸಾರೆ ಹಾಕಿದ್ದು."

"ನಿನ್ನ ತಂಗಿ?"

ಲೊರೆಟ್ಟಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ತಂಗಿ ಹೆಸರೇನಪ್ಪ? ನಾನು ಅವಳಿಗೋಸ್ಕರ ಮೇಣದಬತ್ತಿ ಹಚ್ಚಿದ್ದೆ."

"ನನಗೆ ತಂಗಿ ಇಲ್ಲ ಮೇಡಂ."

ಅವಳು ಆ ದಿನ ಡ್ಯೂಟಿಗೆ ಹೋಗಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅದು ಮೊದಲ ಸಲ. ಹೆಸರು ತೆಗೆಸುವ ಗಡುವು ಎಂದೋ ಮುಗಿದಿತ್ತು. ಅತ್ತ ದರಿ, ಇತ್ತ ಪುಲಿ. ನಿಂತರೆ ಪೆಂಡರ್‌ನ ಆಟದ ಕಾಯಿ, ಹಾಲ್‌ಬ್ರೂಕ್‌ಗೆ ಹಾಕಿ ಎಂದು ಸಾರಿದರೆ ಟೆಸ್ಸಾಳ ಮಗುವನ್ನು ಮತ್ತೆ ಅಡ್ಡಗೋಡೆಯ ಮೇಲಿಟ್ಟ ಹಾಗೆ.

ಮಾರನೆಯ ದಿನ ಹಾಲ್‌ಬ್ರೂಕ್‌ನ ಕಚೇರಿಗೆ ಹೋದಳು. ಅವನಿಗೆ ಆಗಲೇ ಸುದ್ದಿ ಹೋಗಿತ್ತು. ಕುರ್ಚಿ ಎಳೆದು ಕೂರಿಸಿದ.

"ಒಂದೇ ಒಂದು ಮಾತು ಸಾಕು," ಎಂದಳು. "ಜನರ ಮುಂದೆ ನಿಂತು, ಗೆದ್ರೆ ವಾರ್ಡ್ ತೆರೆಸ್ತೀನಿ ಅನ್ನಿ. ನಾಳೆನೇ ನನ್ನ ವೋಟೆಲ್ಲ ನಿಮಗೆ ಹಾಕಿ ಅಂತ ಬೀದಿ ಬೀದಿ ಸುತ್ತುತ್ತೀನಿ."

ಹಾಲ್‌ಬ್ರೂಕ್ ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಮಾಡಿದ. "ಒಂದು ಸಮಿತಿ ಮಾಡೋಣ. ನೀವೇ ಅದರಲ್ಲಿ ಇರಿ."

"ಸಮಿತಿ ಹೆರಿಗೆ ಮಾಡಿಸುತ್ತಾ?"

"ಎಲೆಕ್ಷನ್ ಮುಗೀಲಿ ಲೊರೆಟ್ಟಾ. ಈಗ ಬಾಯಿ ಬಿಟ್ರೆ ಆ ಓಲಾಡೋರು ಹೋಗ್ತಾರೆ."

"ಬಾಯಿ ಬಿಡದೇ ಇದ್ರೆ ನಾವು ಹೋಗ್ತೀವಿ."

"ಹೋಗಿ," ಎಂದ ಹಾಲ್‌ಬ್ರೂಕ್, ಮೊದಲ ಬಾರಿಗೆ ದಣಿದವನಂತೆ. "ಪೆಂಡರ್ ಬರ್ತಾನೆ. ಆಗ ಆಂಬುಲೆನ್ಸೂ ಇರುತ್ತೋ ಇಲ್ವೋ ನೋಡ್ಕೊಳ್ಳಿ."

ಚುನಾವಣೆಗೆ ಮುಂಚಿನ ಕೊನೆಯ ಸಭೆಯಲ್ಲಿ ಲೊರೆಟ್ಟಾ ವೇದಿಕೆ ಹತ್ತಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಹಿ ತಂದವನು ಯಾರು, ಕಾಗದ ಕಳಿಸಿದವರು ಯಾರು, ತಾನು ಹೇಗೆ ಮೋಸಹೋದೆ, ಎಲ್ಲವನ್ನೂ. "ಇಷ್ಟು ತಿಳ್ಕೊಂಡೂ ನನಗೆ ಹಾಕೋದಾದ್ರೆ ಹಾಕಿ, ಹೆದರಬೇಡಿ. ಆ ವಾರ್ಡು ಬೇಕು ಅನ್ನೋದನ್ನ ಲೆಕ್ಕ ಇಡೋಕೆ ನಮಗೆ ಬೇರೆ ಜಾಗ ಇಲ್ಲ," ಎಂದಳು. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಕುರ್ಚಿ ಸರಿಸಿ ಎದ್ದುಹೋದರು. ಅವಳ ಅಪ್ಪನ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು, "ನಿಮ್ಮಪ್ಪ ಇದ್ದಿದ್ರೆ ಎದೆ ಒಡ್ಕೊಂಡು ಸಾಯ್ತಿದ್ದ," ಎಂದು ಕೂಗಿಯೇ ಹೋದ.

ಮತದಾನದ ದಿನ ಚೀಟಿ ಹಿಡಿದು ಅವಳು ರಟ್ಟಿನ ಮರೆಯ ಹಿಂದೆ ನಿಂತಳು. ಹಾಲ್‌ಬ್ರೂಕ್, ಪೆಂಡರ್, ಹ್ರುಸ್ಕಾ. ಪಕ್ಕದಲ್ಲಿ ಪೆನ್ನಿನಿಂದ ತುಂಬಲು ಮೂರು ಖಾಲಿ ಅಂಡಾಕಾರಗಳು. ತನ್ನ ಹೆಸರು ತನಗೇ ಅಪರಿಚಿತವೆನಿಸಿತು. ಪೆಂಡರ್ ಒಂದು ಮತದಿಂದ ಗೆದ್ದುಬಿಟ್ಟರೆ? ಆ ಒಂದು ಮತ ನನ್ನದೇ ಆಗಿದ್ದರೆ? ಆಂಬುಲೆನ್ಸಿನ ಮಾತು ನೆನಪಾಯಿತು, ಬಾಗಿಲಲ್ಲಿ ಕೂಗಿದ ಮುದುಕ ನೆನಪಾದ. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಹಾಲ್‌ಬ್ರೂಕ್‌ನ ಎದುರಿನ ಅಂಡಾಕಾರವನ್ನು ಕಪ್ಪು ಮಾಡಿ, ಚೀಟಿಯನ್ನು ಯಂತ್ರದ ಬಾಯಿಗೆ ಕೊಟ್ಟಳು.

ಬೆಳಗಾಗುವ ಹೊತ್ತಿಗೆ ಫಲಿತಾಂಶ ಬಂದಿತ್ತು. ಪೆಂಡರ್ ಇನ್ನೂರ ಹದಿನೇಳು ಮತಗಳಿಂದ ಗೆದ್ದಿದ್ದ. ಲೊರೆಟ್ಟಾ ಹ್ರುಸ್ಕಾಳಿಗೆ ಬಿದ್ದದ್ದು ಒಂದು ಸಾವಿರದ ಮುನ್ನೂರ ಹನ್ನೆರಡು.

ಆಲ್ವಿನ್ ಕಾಫಿ ಬಗ್ಗಿಸಿ ಅವಳ ಮುಂದಿಟ್ಟ. ಬೈಯುತ್ತಾನೆಂದು ಅವಳು ತಲೆ ತಗ್ಗಿಸಿದ್ದಳು.

"ಅದ್ರಲ್ಲಿ ಒಂದು ನಂದು," ಎಂದ.

"ಏನು?"

"ನಿಂಗೇ ಹಾಕ್ದೆ. ಹದಿನೆಂಟನೇ ವಯಸ್ಸಿಂದ ಬೇರೆಯೋರಿಗೆ ಹಾಕಿದ್ದು ಇದೇ ಮೊದಲು. ಕಪ್ಪು ಮಾಡೋವಾಗ ಎರಡು ಸಲ ಗೆರೆ ದಾಟಿಹೋಯ್ತು." ಆಲ್ವಿನ್ ನಾಚಿಕೆಯಿಂದ ನಕ್ಕ. "ಆ ದಿನ ವೇದಿಕೆ ಮೇಲೆ ನಿಂತು ಎಲ್ಲಾ ಹೇಳಿದ್ಯಲ್ಲ, ಆಮೇಲೆ ಇನ್ನೊಬ್ಬರಿಗೆ ಹಾಕೋಕೆ ಮನಸ್ಸು ಬರಲಿಲ್ಲ."

ಲೊರೆಟ್ಟಾ ಲೋಟ ಹಿಡಿದುಕೊಂಡಳು. ತಾನು ಯಾರಿಗೆ ಹಾಕಿದೆ ಎಂಬುದನ್ನು ಹೇಳದೆ ಕಾಫಿ ಕುಡಿದಳು.

ಆ ಚಳಿಗಾಲ ಉದ್ದವಾಯಿತು. ಪೆಂಡರ್ ರಾಜಧಾನಿಗೆ ಹೋಗಿ ಕೂತ. ವಾರ್ಡಿನ ಬೀಗ ಹಾಗೇ ಇತ್ತು. ಆಂಬುಲೆನ್ಸ್ ಉಳಿಯಿತು, ಹೆರಿಗೆಗಳನ್ನು ಬೆಟ್ಟದಾಚೆ ಹೊತ್ತು ಓಡುತ್ತಲೇ ಇತ್ತು. ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಶಾಂತಿ ಹಾರೈಸಿ ಕೈ ಕುಲುಕುವಾಗ ಕೆಲವರು ಅವಳನ್ನು ಬಿಟ್ಟು ಮುಂದೆ ಹೋದರು. ಅದನ್ನಾದರೂ ತಡೆದುಕೊಂಡಾಳು. ತಡೆಯಲಾಗದ್ದು ಇನ್ನೊಂದಿತ್ತು. ಪೆಟ್ರೋಲ್ ಬಂಕಿನಲ್ಲೋ ಔಷಧಿ ಅಂಗಡಿಯಲ್ಲೋ ಯಾರೋ ಹತ್ತಿರ ಬಂದು, ದನಿ ತಗ್ಗಿಸಿ, "ನಾನು ನಿಮಗೇ ಹಾಕಿದ್ದೆ," ಎನ್ನುತ್ತಿದ್ದರು. ಟೆಸ್ಸಾ ಹೇಳಿದಳು. ಮುದುಕ ವಾಸಿಲ್ಕೋ ಹೇಳಿದ. ಒಂದೊಂದು ಸಲವೂ ಲೊರೆಟ್ಟಾ ಥ್ಯಾಂಕ್ಸ್ ಎಂದು ಮುಖ ತಿರುಗಿಸಿದಳು. ಸಾವಿರದ ಮುನ್ನೂರು ಜನರಿಗೆ ಇದ್ದ ಧೈರ್ಯ ತನಗೊಬ್ಬಳಿಗೆ ಇರಲಿಲ್ಲವೆಂಬುದು ಅವಳಿಗೊಬ್ಬಳಿಗೇ ಗೊತ್ತು.

ಮಾರ್ಚಿನಲ್ಲಿ, ದಿನಸಿ ಮುಗಿಸಿ ಟ್ರಕ್ಕಿನಲ್ಲಿ ಮನೆಗೆ ಬರುವಾಗ, ಆಲ್ವಿನ್‌ಗೆ ಹೇಳಿಬಿಟ್ಟಳು. "ನಾನು ಹಾಲ್‌ಬ್ರೂಕ್‌ಗೆ ಹಾಕಿದ್ದೆ."

ಆಲ್ವಿನ್ ಟ್ರಕ್ಕನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿದ.

"ಯಾಕೆ?"

"ಹೆದರಿಕೆ ಆಯ್ತು."

"ಹೆದರಬೇಡಿ ಅಂತ ನಮಗೆಲ್ಲ ನೀನೇ ಹೇಳಿದ್ದೆ."

"ಹೂಂ."

ಅವನು ಕೂಗಾಡಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಗಾಜಿನಾಚೆ ನೋಡಿದ. "ನೀನು ನಂಗೆ ಹೇಳಬೇಕಿತ್ತು ಲೊರೆಟ್ಟಾ, ಅವತ್ತೇ," ಎಂದ. "ನಾಕು ತಿಂಗಳು ನಾನು ಎದೆ ಎತ್ಕೊಂಡು ಓಡಾಡಿದೀನಿ." ಮನೆ ತಲುಪಿ, ಚೀಲಗಳನ್ನು ಒಳಗೆ ತಂದಿಟ್ಟು, ಊಟ ಮಾಡದೆ ಮಲಗಿದ. ಮುಂದೆ ಹಲವು ವಾರ ಅವನು ಅವಳೊಡನೆ ಹವಾಮಾನದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಮುಂದಿನ ಬೇಸಿಗೆಗೆ ಲೊರೆಟ್ಟಾ ಮತ್ತೆ ಹಲಗೆ ಕೈಗೆ ತೆಗೆದುಕೊಂಡಳು. ಈ ಸಲ ತನ್ನ ಹೆಸರಿಗಲ್ಲ. ಮೊದಲು ಇವರು, ಇವರು ಆಗದಿದ್ದರೆ ಅವರು ಎಂದು ಸಾಲಾಗಿ ಅಂಕಿ ಹಾಕುವ ಮತಚೀಟಿ ಬೇಕೆಂಬ ಮನವಿಗೆ ಸಹಿ. ಹಾಗಿದ್ದರೆ ಹೆದರಿದವರೂ ಮನಸ್ಸಿನಲ್ಲಿದ್ದದ್ದನ್ನೇ ಬರೆಯಬಹುದು, ಹೆದರಿಕೆಯನ್ನು ಎರಡನೆಯ ಸಾಲಿಗೆ ಇಳಿಸಬಹುದು. ಅವಳು ಪೆಂಡರ್‌ಗೂ ಕಾಗದ ಬರೆದಳು, ಮತ್ತೆ ನಿಲ್ಲಲಿದ್ದ ಹಾಲ್‌ಬ್ರೂಕ್‌ಗೂ ಬರೆದಳು. ಈ ಬಾರಿ ಇಬ್ಬರೂ ಅಡ್ಡಗೋಡೆಯಿಂದ ಇಳಿದು ನೆಟ್ಟಗೆ ಉತ್ತರ ಕೊಟ್ಟರು. ಜನರಿಗೆ ಗೊಂದಲವಾಗುತ್ತದೆ, ಅಂಥದ್ದು ಬೇಡ.

ಶನಿವಾರಗಳಂದು ಆಲ್ವಿನ್ ಟ್ರಕ್ಕಿನಲ್ಲಿ ಅವಳನ್ನು ಬೆಟ್ಟದ ಹಳ್ಳಿಗಳಿಗೆ ಕರೆದುಕೊಂಡು ಹೋಗುತ್ತಾನೆ, ಮೊಣಕಾಲು ನೋವಿನಿಂದ ಅವಳಿಗೆ ದೂರ ಓಡಿಸಲಾಗದು. ಬರ್ನಡೀನ್ ಮೊದಲ ದಿನವೇ ಸಹಿ ಹಾಕಿದಳು. ಆಲ್ವಿನ್ ಇನ್ನೂ ಹಾಕಿಲ್ಲ. "ನಂದೊಂದು ಇರ್ಲಿ ಬಿಡು, ಯೋಚನೆ ಮಾಡ್ತೀನಿ," ಎನ್ನುತ್ತಾನೆ. ಅವಳು ಒತ್ತಾಯಿಸುವುದಿಲ್ಲ, ಒತ್ತಾಯಿಸುವ ಬಾಯಿ ತನಗಿಲ್ಲವೆಂದು ಬಲ್ಲಳು. ಅವನು ರಸ್ತೆಯಲ್ಲಿ ಟ್ರಕ್ ನಿಲ್ಲಿಸಿಕೊಂಡು ಕೂರುತ್ತಾನೆ. ಅವಳು ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮನೆಯ ಬಾಗಿಲಿಗೆ ಹತ್ತುತ್ತಾಳೆ. ಹತ್ತರಲ್ಲಿ ಆರು ಬಾಗಿಲು ತೆರೆಯುವುದಿಲ್ಲ.